ಲಿನ್ ಅಂಗಡಿಯಲ್ಲಿ ಹಾಲಿನ ಡಬ್ಬಿ ಕಟ್ಟಿದ ವರ್ಷಗಳು

ಮೇಘನಾ, ಸುಹಾಸ,

ನಿಮ್ಮ ಅಮ್ಮ ಭಾನುವಾರ ಬಂತೆಂದರೆ ನಿಮ್ಮನ್ನು ಕೂಡಿಸಿಕೊಂಡು ಅಕ್ಷರ ತಿದ್ದಿಸಿದ್ದು ವ್ಯರ್ಥವಾಗಬಾರದು ಎಂದು ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆಯಲು ನನಗೆ ಬರುವುದೂ ಇಲ್ಲ. ನಾನು ಓದಿದ್ದು ನರಗುಂದದ ಹತ್ತಿರದ ನಮ್ಮ ಊರಿನ ಶಾಲೆಯಲ್ಲಿ, ಏಳನೆಯ ಇಯತ್ತೆಯವರೆಗೆ. ಒಂದು ಪುಟದ ಕಾಗದ ಬರೆದು ರೂಢಿಯಿದೆ, ಇಷ್ಟುದ್ದ ಬರೆದು ಗೊತ್ತಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೇಘನಾ, ಹೋದ ರಜೆಯಲ್ಲಿ ನೀನು ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದೆಯಲ್ಲ, ಮೊದಲ ದಿನ ಮನೆಗೆ ಬಂದವಳೇ ಸೋಫಾದ ಮೇಲೆ ಬಿದ್ದುಕೊಂಡು, ‘ಅಜ್ಜಿ, ಸಿಕ್ಸ್ ಇಯರ್ಸ್ ಇದನ್ನ ಹೆಂಗ್ ಮಾಡಿದ್ರಿ ನೀವು?’ ಎಂದು ಕೇಳಿದೆ. ನಾನು ನಕ್ಕು ಸುಮ್ಮನಾದೆ. ಕೇಳಿದ್ದಕ್ಕೆ ಸುಮ್ಮನಾಗುವುದು ನನ್ನ ಹಳೆಯ ಚಾಳಿ. ಆ ಚಾಳಿಯಿಂದ ಒಂದು ಮಗುವಿಗೆ ಏನಾಯಿತು ಎಂಬುದನ್ನೂ ಇಲ್ಲಿ ಹೇಳಬೇಕಾಗಿದೆ. ಮೊದಲು ಕೆಲಸದ ವಿಷಯ ಹೇಳಿಬಿಡುತ್ತೇನೆ.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ಸುಹಾಸ ಹುಟ್ಟಿದ. ಬಾಣಂತನಕ್ಕೆಂದು ಆಕ್ಲೆಂಡಿಗೆ ಬಂದವಳು ಇಲ್ಲೇ ಉಳಿದೆ. ಸುಹಾಸನೂ ಶಾಲೆಗೆ ಹೋಗತೊಡಗಿದ ಮೇಲೆ ಸ್ಯಾಂಡ್ರಿಂಗಮ್‌ನ ಆ ಬಾಡಿಗೆ ಮನೆಯಲ್ಲಿ ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ ನಾನೊಬ್ಬಳೇ. ಎರಡು ಸಾವಿರದ ಹದಿಮೂರರ ಮಾತಿದು. ಒಂದು ದಿನ ಕೊತ್ತಂಬರಿ ತರಲು ನಮ್ಮವರ ಅಂಗಡಿಗೆ ಹೋಗಿ ಬರುವಾಗ, ಅದರ ಪಕ್ಕದಲ್ಲಿ ಚೀನಿ ಅಕ್ಷರದ ಬೋರ್ಡಿನ ಒಂದು ಅಂಗಡಿಯಲ್ಲಿ ಹೆಣ್ಣುಮಗಳೊಬ್ಬಳು ರಟ್ಟಿನ ಪೆಟ್ಟಿಗೆಯ ಮೇಲೆ ಮೊಣಕಾಲೂರಿ ಟೇಪು ಹಚ್ಚಲು ಒದ್ದಾಡುತ್ತಿದ್ದಳು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು. ನಾನು ಒಳಗೆ ಹೋಗಿ ಎರಡೂ ಕೈಯಿಂದ ಒತ್ತಿ ಹಿಡಿದೆ. ಅವಳು ಟೇಪು ಎಳೆದಳು. ಆಮೇಲೆ ಇನ್ನೊಂದು ಪೆಟ್ಟಿಗೆ, ಮತ್ತೊಂದು. ಅವಳೂ ಮಾತಾಡಲಿಲ್ಲ, ನಾನೂ ಆಡಲಿಲ್ಲ. ಮನೆಗೆ ಬರುವಷ್ಟರಲ್ಲಿ ಕೊತ್ತಂಬರಿ ಬಾಡಿತ್ತು. ಮರುದಿನ ಆ ದಾರಿಯಲ್ಲಿ ಹೋಗುವಾಗ ಅವಳು ಒಳಗಿನಿಂದಲೇ ಟೇಪು ಎತ್ತಿ ತೋರಿಸಿ ನಕ್ಕಳು. ಮೂರನೆಯ ದಿನ ಮೊಳೆಗೆ ನನಗೊಂದು ಏಪ್ರನ್ ತೂಗುತ್ತಿತ್ತು. ನನ್ನ ಇಂಟರ್‌ವ್ಯೂ ಅಷ್ಟೇ.

ಮನೆಯಲ್ಲಿ ನಿಮ್ಮ ಅಮ್ಮ ಮುಖ ಸಣ್ಣದು ಮಾಡಿಕೊಂಡಳು. ‘ಅವ್ವಾ, ಮಂದಿ ಏನಂದಾರು? ವಿಜಯಾ ಅವ್ವನ್ನ ಕೂಲಿಗೆ ಹಚ್ಚ್ಯಾಳ ಅಂತಾರ’ ಎಂದಳು. ನಿಮ್ಮ ಅಪ್ಪ ತಟ್ಟೆಯಿಂದ ತಲೆ ಎತ್ತದೆ, ‘ಹೋಗಲಿ ಬಿಡ. ಅತ್ತಿಯವರು ಈ ದೇಶಕ್ಕ ಬಂದ ಮ್ಯಾಲ ಮೊದಲನೇ ಸಲ ಏನೋ ಬೇಕು ಅಂದಾರ’ ಎಂದರು. ಅವರು ಆಡಿದ್ದು ಅಷ್ಟೇ. ಅದನ್ನು ನಾನು ಮರೆತಿಲ್ಲ.

ಅಂಗಡಿಯವಳ ಹೆಸರು ಲಿನ್. ಚೀನಾದ ಫುಜಿಯಾನ್ ಎಂಬ ಕಡೆಯ ಕಡಲತಡಿಯ ಊರಿನವಳು. ಓದಲು ಬಂದು, ಇಲ್ಲೇ ಮದುವೆಯಾಗಿ ನಿಂತವಳು. ಗಂಡ ಚೆನ್ ವ್ಯಾನ್ ನಡೆಸುತ್ತಿದ್ದ. ಕಲಬೆರಕೆ ಹಾಲಿನ ಪುಡಿ ಕುಡಿದು ಕೂಸುಗಳು ಕಾಯಿಲೆ ಬಿದ್ದಿದ್ದರಿಂದ ಆ ವರ್ಷಗಳಲ್ಲಿ ಚೀನಾದ ತಾಯಂದಿರಿಗೆ ತಮ್ಮೂರ ಅಂಗಡಿಯ ಹಾಲಿನ ಪುಡಿಯ ಮೇಲೆ ನಂಬಿಕೆ ಇರಲಿಲ್ಲ. ಇಲ್ಲಿನ ಅಂಗಡಿಯ ಕಪಾಟಿನಿಂದ ತಮ್ಮವರೇ ಯಾರಾದರೂ ಕೈಯಾರೆ ತೆಗೆದು ಕಳಿಸಿದ ಡಬ್ಬಿಯೇ ಆಗಬೇಕು. ಹೀಗಾಗಿ ಇಲ್ಲಿದ್ದ ಚೀನಿ ಹುಡುಗಿಯರು, ಗೃಹಿಣಿಯರು ಎಲ್ಲರೂ ವ್ಯಾಪಾರಸ್ಥರಾದರು. ಮೊದಲು ಅಕ್ಕನ ಮಗುವಿಗೆಂದು ಕಳಿಸುವುದು, ಆಮೇಲೆ ಅಕ್ಕನ ನೆರೆಯವಳಿಗೆ, ಆಮೇಲೆ ನೆರೆಯವಳ ಆಫೀಸಿನವರಿಗೆ. ಅವರೆಲ್ಲ ಸೂಪರ್‌ಮಾರ್ಕೆಟ್ಟಿನಿಂದ ಡಬ್ಬಿ, ಜೇನುತುಪ್ಪ, ಮೀನೆಣ್ಣೆ ಗುಳಿಗೆ ತಂದು ಲಿನ್ ಅಂಗಡಿಯಲ್ಲಿ ಸುರುವುತ್ತಿದ್ದರು. ಅದನ್ನು ಕಟ್ಟಿ ವಿಮಾನಕ್ಕೆ ಕಳಿಸುವುದು ನಮ್ಮ ಕೆಲಸ.

ಕಟ್ಟುವುದು ಎಂದರೆ ತುಂಬಿ ಟೇಪು ಹಚ್ಚುವುದಲ್ಲ. ಡಬ್ಬಿ ಕೈಗೆ ಬಂದ ಕೂಡಲೇ ಅಂಚಿನ ಸುತ್ತ ಹೆಬ್ಬೆರಳು ಆಡಿಸಬೇಕು. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಕೈಯಾಡಿಸಿ ನೋಡುತ್ತೇವಲ್ಲ, ಹಾಗೆ. ಕಣ್ಣಿಗೆ ಕಾಣದ ತಗ್ಗು ಬೆರಳಿಗೆ ಸಿಗುತ್ತದೆ. ತಗ್ಗು ಬಿದ್ದ ಡಬ್ಬಿಯನ್ನು ಚೀನಾದವರು ಮುಟ್ಟುವುದಿಲ್ಲ. ಡಬ್ಬಿಗೆ ಪೆಟ್ಟಾಗಿದ್ದರೆ ಒಳಗಿನದಕ್ಕೂ ಏನೋ ಆಗಿದೆ ಎಂಬ ಭಯ. ಆಮೇಲೆ ಪೆಟ್ಟಿಗೆಯ ತಳಕ್ಕೆ ಕಾಗದದ ಹಾಸಿಗೆ, ಒಂದೊಂದು ಡಬ್ಬಿಗೂ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲ, ಮೂಲೆಗಳಿಗೆ ಉಂಡೆ ಮಾಡಿದ ಕಾಗದ. ಪೆಟ್ಟಿಗೆ ಮುಚ್ಚಿದ ಮೇಲೆ ಅಲುಗಿಸಿದರೆ ಸಪ್ಪಳ ಬರಕೂಡದು. ಮೇಘನಾ, ನಿನ್ನ ಗೋದಾಮಿನಲ್ಲಿ ಯಂತ್ರ ಮಾಡುವುದನ್ನು ಅಲ್ಲಿ ಕಿವಿ ಮಾಡುತ್ತಿತ್ತು.

ಕೆಲವು ತಾಯಂದಿರಿಗೆ ಇಷ್ಟೂ ಸಾಲುತ್ತಿರಲಿಲ್ಲ. ಕಟ್ಟುವುದನ್ನು ನೋಡಬೇಕು ಎನ್ನುತ್ತಿದ್ದರು. ಲಿನ್ ಫೋನನ್ನು ಕಪಾಟಿಗೆ ಕಟ್ಟಿ, ತಾರೀಖು ಕಾಣುವಂತೆ ಆ ದಿನದ ಪೇಪರನ್ನು ಮೇಜಿನ ಮೇಲೆ ಹಾಸಿ ವಿಡಿಯೋ ಹಿಡಿಯುತ್ತಿದ್ದಳು. ನನ್ನ ಮುಖ ಬೇಡ ಎಂದು ಮೊದಲೇ ಹೇಳಿದ್ದೆ. ಕೈ ಮಾತ್ರ ಕಾಣುತ್ತಿತ್ತು. ಕೆಲವು ತಿಂಗಳಾದ ಮೇಲೆ ಬಳೆಯಿಲ್ಲದ ಆ ಕಪ್ಪು ಕೈಯೇ ನಮ್ಮ ಪೆಟ್ಟಿಗೆ ಕಟ್ಟಲಿ ಎಂದು ಅಲ್ಲಿಂದ ಬರೆಯತೊಡಗಿದರಂತೆ. ಲಿನ್ ಅದನ್ನು ಹೇಳಿದಾಗ ನನಗೆ ನಾಚಿಕೆಯಾಯಿತು. ಮನೆಯಲ್ಲಿ ಹೇಳಲಿಲ್ಲ.

ದೊಡ್ಡ ತಪ್ಪೂ ಮಾಡಿದ್ದೇನೆ. ಒಂದು ಮಧ್ಯಾಹ್ನ ಒಂದೇ ಅಳತೆಯ ಎರಡು ಪೆಟ್ಟಿಗೆಗಳ ವಿಳಾಸದ ಚೀಟಿ ಅದಲುಬದಲಾಯಿತು. ಒಂದರಲ್ಲಿ ಯಾರದೋ ತಂದೆಗೆ ಜೇನುತುಪ್ಪ, ಇನ್ನೊಂದರಲ್ಲಿ ಆರು ಹಾಲಿನ ಡಬ್ಬಿ. ಹಾಲಿನ ಡಬ್ಬಿ ಹೋಗಿ ತಲುಪಿದ್ದು ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಾಗದ ಸೊಸೆ ಇದ್ದ ಮನೆಗೆ. ಜೇನುತುಪ್ಪ ಕಳಿಸಿದ್ದವಳು ಇಲ್ಲಿದ್ದ ಅವಳ ನಾದಿನಿ. ಅಣಕಿಸಲೆಂದೇ ಕಳಿಸಿದಳು ಎಂದು ಅಲ್ಲಿ ರಾದ್ಧಾಂತ. ಲಿನ್ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದುಕೊಂಡು ಬಹಳ ಹೊತ್ತು ಕ್ಷಮೆ ಕೇಳಿದಳು. ನಾನು ಏಪ್ರನ್ ಬಿಚ್ಚಿ ಮಡಿಚಿ ಇಟ್ಟು ಹೋಗಲು ನಿಂತೆ. ಅವಳು ಫೋನು ಇಟ್ಟು, ಏಪ್ರನ್ ತೆಗೆದು ಮತ್ತೆ ನನ್ನ ಕೊರಳಿಗೆ ಹಾಕಿ, ಬೆನ್ನ ಹಿಂದೆ ತಾನೇ ಗಂಟು ಕಟ್ಟಿದಳು. ಬೈಯಲಿಲ್ಲ. ದಿನವಿಡೀ ಚೆನ್‌ನನ್ನು ಬೈಯುವವಳು ನನ್ನನ್ನು ಒಂದು ದಿನವೂ ಬೈದವಳಲ್ಲ.

ಅಂದಿನಿಂದ ಪೆಟ್ಟಿಗೆಗೂ ಚೀಟಿಗೂ ಪೆನ್ಸಿಲಿನಲ್ಲಿ ನನ್ನದೇ ಗುರುತು ಹಾಕತೊಡಗಿದೆ: ಅ, ಆ, ಇ, ಈ. ಚೀನಾದ ಮೂಲೆಮೂಲೆಗೆ ಕನ್ನಡ ಅಕ್ಷರ ಹೋದವು. ಇದೇನು ಚಿತ್ರ ಎಂದು ಒಬ್ಬಳು ಕೇಳಿದ್ದಕ್ಕೆ, ಇದು ಒಳ್ಳೆಯ ಮಾಲಿನ ಮುದ್ರೆ ಎಂದು ಲಿನ್ ಹೇಳಿದಳಂತೆ. ಆಮೇಲೆ ಮುದ್ರೆ ಇಲ್ಲದ ಪೆಟ್ಟಿಗೆ ಬೇಡ ಎನ್ನುವವರೂ ಹುಟ್ಟಿಕೊಂಡರು.

ಮಧ್ಯಾಹ್ನ ಊಟ ಜೊತೆಯಲ್ಲೇ. ನಾನು ಮಾಂಸ ತಿನ್ನುವುದಿಲ್ಲ ಎಂದು ತಿಳಿದ ಮೇಲೆ ಲಿನ್ ನನಗೆಂದೇ ಒಂದು ಸಣ್ಣ ಬೋಗುಣಿ ಬೇರೆ ತೆಗೆದಿಟ್ಟು ಅದರಲ್ಲಿ ಸೊಪ್ಪು ಬೇಯಿಸುತ್ತಿದ್ದಳು. ನಾನು ರೊಟ್ಟಿ, ಶೇಂಗಾ ಚಟ್ನಿ ಒಯ್ಯುತ್ತಿದ್ದೆ. ಚೆನ್ ಆ ಚಟ್ನಿಯನ್ನು ಅನ್ನದ ಗಂಜಿಗೆ ಕಲಸಿ ತಿನ್ನುತ್ತಿದ್ದ. ನನಗೂ ಅವರಿಗೂ ಇದ್ದದ್ದು ಹೆಚ್ಚೆಂದರೆ ಇನ್ನೂರು ಇಂಗ್ಲಿಷ್ ಮಾತು. ಮುಂದೆ ಲಿನ್ ಆಡಿದಳು ಎಂದು ನಾನು ಬರೆಯುವುದೆಲ್ಲ ಆ ಇನ್ನೂರು ಮಾತಿನಲ್ಲೇ ಆಡಿದ್ದು. ನಾನು ಅದನ್ನು ನಮ್ಮ ಮಾತಿಗೆ ತಿರುಗಿಸಿದ್ದೇನೆ.

ಮರುವರ್ಷ ಲಿನ್ ಬಸುರಾದಳು. ಹೆರಿಗೆಯ ಹಿಂದಿನ ದಿನದವರೆಗೂ ಪೆಟ್ಟಿಗೆ ಎತ್ತಿದಳು. ಬಾಣಂತನಕ್ಕೆ ತಾಯಿ ಬರಬೇಕಿತ್ತು, ವೀಸಾ ಸಿಗಲಿಲ್ಲ. ಚೆನ್ ಅತ್ತೆಯನ್ನು ಫೋನಿನಲ್ಲಿ ಎದುರಿಗೆ ಕೂಡಿಸಿಕೊಂಡು ಶುಂಠಿ, ಎಳ್ಳೆಣ್ಣೆ, ಬೆಲ್ಲದಂಥ ಕೆಂಪು ಸಕ್ಕರೆ ಹಾಕಿ ಏನೇನೋ ಕುದಿಸಿದ. ತಣ್ಣೀರು ಮುಟ್ಟುವ ಹಾಗಿಲ್ಲ, ಗಾಳಿಗೆ ಹೋಗುವ ಹಾಗಿಲ್ಲ, ತಲೆಗೆ ಸ್ನಾನ ಇಲ್ಲ, ಒಂದು ತಿಂಗಳು ಹೊಸ್ತಿಲು ದಾಟುವ ಹಾಗಿಲ್ಲ. ಕೇಳಿದಾಗ ನಮ್ಮೂರಿನ ಯಾವುದೋ ಮನೆಯ ಮಾತು ಕೇಳಿದ ಹಾಗಾಯಿತು. ನಾನು ನಮ್ಮಲ್ಲಿ ಬಾಣಂತಿಯರಿಗೆ ಕೊಡುವ ಅಳವಿ ಪಾಯಸ, ಅಂಟಿನುಂಡಿ ಮಾಡಿ ಅವಳ ಮನೆ ಬಾಗಿಲಿನಲ್ಲಿ ಇಟ್ಟು ಬರುತ್ತಿದ್ದೆ. ಒಳಗೆ ಬನ್ನಿ ಎಂದು ಚೆನ್ ಪ್ರತಿ ಸಲವೂ ಕರೆದ. ನಾನು ಪ್ರತಿ ಸಲವೂ ಬಸ್ಸು ಬರುತ್ತದೆ ಎಂದೆ.

ಮಗುವಿಗೆ ತಿಂಗಳು ತುಂಬಿದ ದಿನ ಅವರಲ್ಲಿ ಒಂದು ಹಬ್ಬ. ಮೊಟ್ಟೆಗೆ ಕೆಂಪು ಬಣ್ಣ ಹಚ್ಚಿ ಬಂದವರಿಗೆಲ್ಲ ಹಂಚುತ್ತಾರೆ. ಅಂಗಡಿಯ ಹಿಂದಿನ ಕೋಣೆಯಲ್ಲೇ ಮಾಡಿದರು. ದಿನವೂ ಪಾರ್ಸೆಲ್ ತರುವ ಹೆಂಗಸರು ಹತ್ತು ಹನ್ನೆರಡು ಜನ ಸೇರಿದ್ದರು. ಮಗುವಿನ ಹೆಸರು ನಿಂಗ್. ಕೇಳಿದ ಕೂಡಲೇ ನನ್ನ ಮನಸ್ಸಿನಲ್ಲಿ ಅವಳು ನಿಂಗವ್ವ ಆಗಿಬಿಟ್ಟಳು. ಕೆಂಪು ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ಲಿನ್ ಹೊರಗೆ ಬಂದಳು. ಎಲ್ಲರೂ ಕೈ ಚಾಚಿದರು. ಅವಳು ಅವರನ್ನೆಲ್ಲ ದಾಟಿಕೊಂಡು ಮೂಲೆಯಲ್ಲಿ ನಿಂತಿದ್ದ ನನ್ನ ಹತ್ತಿರ ಬಂದಳು.

‘ಆಂಟಿ, ಮೊದಲು ನೀವು.’

ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಒಂದು ಹೆಜ್ಜೆ ಹಿಂದೆ ಸರಿದೆ. ‘ನೋ, ನೋ’ ಎಂದೆ. ಬೆನ್ನು ಗೋಡೆಗೆ ತಾಗಿತು. ಲಿನ್ ಚಾಚಿದ ಕೈ ಹಾಗೇ ಇತ್ತು. ಅವಳ ಮುಖದ ಮೇಲಿನ ನಗು ಹೋಗಲಿಲ್ಲ, ಆದರೆ ಅದು ಬೇರೆ ನಗುವಾಯಿತು. ಪಕ್ಕದವಳು ಮಗುವನ್ನು ತೆಗೆದುಕೊಂಡಳು. ನನಗೊಂದು ಕೆಂಪು ಮೊಟ್ಟೆ ಕೊಟ್ಟರು. ತಿನ್ನುವುದಿಲ್ಲವಾದರೂ ಪರ್ಸಿನಲ್ಲಿ ಇಟ್ಟುಕೊಂಡು ಬಂದೆ.

ಸುಹಾಸ, ನಿನ್ನನ್ನು ತೊಟ್ಟಿಲಿಗೆ ಹಾಕುವ ದಿನ ಮನೆತುಂಬ ಹೆಣ್ಣುಮಕ್ಕಳಿದ್ದರು. ನಾನು ಅಡುಗೆ ಮನೆಯಲ್ಲಿ ಹೂರಣದ ಮುಂದೆ ನಿಂತಿದ್ದೆ. ನಿಮ್ಮ ಅಮ್ಮ ಬಂದು ಕೈಹಿಡಿದು ಎಳೆದಳು, ನಾನು ಹೋಗಲಿಲ್ಲ. ಗಂಡ ಹೋದವಳು ಅಂಥ ಹೊತ್ತಿನಲ್ಲಿ ಮುಂದೆ ನಿಲ್ಲಬಾರದು, ಕೂಸನ್ನು ಮೊದಲು ಎತ್ತಬಾರದು ಎಂದು ನಮ್ಮೂರಿನಲ್ಲಿ ನಾನು ಕಂಡು ಬೆಳೆದದ್ದು. ಯಾರೂ ಬಾಯಿಬಿಟ್ಟು ಹೇಳಿಕೊಟ್ಟದ್ದಲ್ಲ. ನಮ್ಮ ಸೋದರತ್ತೆ ಬಾಗಿಲ ಹಿಂದೆ ನಿಲ್ಲುವುದನ್ನು ನೋಡಿದ್ದೆ, ನನ್ನ ಸರದಿ ಬಂದಾಗ ನಾನೂ ನಿಂತೆ. ಆ ದಿನ ಲಿನ್ ಮುಂದೆ ಕೈ ಹಿಂದೆ ಹೋದದ್ದೂ ಹಾಗೆಯೇ. ಆ ಮಗುವಿಗೆ ನನ್ನಿಂದ ಕೆಟ್ಟದ್ದಾಗಬಾರದು ಎಂದೇ ಹೋಯಿತು. ಆದರೆ ಅದನ್ನು ನೋಡಿದವರಿಗೆ ಹಾಗೆ ಕಾಣಬೇಕಲ್ಲ.

ಆಮೇಲೆ ಲಿನ್ ಮಗುವನ್ನು ಅಂಗಡಿಗೇ ತರತೊಡಗಿದಳು. ಕೌಂಟರಿನ ಹಿಂದೆ ತಳ್ಳುಗಾಡಿಯಲ್ಲಿ ಮಲಗಿಸುವುದು. ಸೋಮವಾರ ಬೆಳಿಗ್ಗೆ ಪಾರ್ಸೆಲ್ ತೂಕದ ಯಂತ್ರದ ಮೇಲೆ ಟವೆಲ್ ಹಾಸಿ ಮಗುವನ್ನು ತೂಗಿ, ತೂಕವನ್ನು ಗೋಡೆಯ ರಟ್ಟಿನ ಮೇಲೆ ಬರೆಯುತ್ತಿದ್ದಳು. ಆ ಅಂಗಡಿಯ ಬಾಗಿಲು ದಿನವಿಡೀ ತೆರೆದೇ ಇರುವಂಥದ್ದು. ಚಳಿಗಾಲ ಬಂತು. ಮಗುವಿಗೆ ಎದೆ ಕಟ್ಟಿತು, ಬಿಟ್ಟಿತು, ಮತ್ತೆ ಕಟ್ಟಿತು. ಒಂದು ಕಡೆ ಮಗು ಕೆಮ್ಮುವುದು, ಇನ್ನೊಂದು ಕಡೆ ಟೇಪು ಚರ್ ಎನ್ನುವುದು, ನಡುವೆ ಲಿನ್.

ಆಗ ಅವಳು ನನ್ನನ್ನು ಒಂದೊಂದೇ ಪ್ರಶ್ನೆ ಕೇಳುತ್ತಿದ್ದಳು. ನಿಮ್ಮ ಮನೆಯಲ್ಲಿ ಹಗಲು ಬಿಸಿಲು ಬರುತ್ತದೆಯೇ. ಬರುತ್ತದೆ ಎಂದೆ. ಮೊಮ್ಮಕ್ಕಳು ಎಷ್ಟು ಹೊತ್ತಿಗೆ ಶಾಲೆಯಿಂದ ಬರುತ್ತಾರೆ. ಮೂರಕ್ಕೆ ಎಂದೆ. ಅವರು ಸಣ್ಣವರಿದ್ದಾಗ ನೀವೇ ನೋಡಿಕೊಂಡದ್ದೇ. ಹೌದು ಎಂದೆ. ಇಷ್ಟು ಕೇಳಿ ಅವಳು ಸುಮ್ಮನಾಗುತ್ತಿದ್ದಳು. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ನಾನೂ ಸುಮ್ಮನಾಗುತ್ತಿದ್ದೆ.

ಅವಳು ಏನು ಕೇಳುತ್ತಿದ್ದಾಳೆ ಎಂದು ನನಗೆ ಹೊಳೆಯದೆ ಇರಲಿಲ್ಲ. ಮಗುವನ್ನು ಹಗಲು ನಮ್ಮ ಮನೆಯಲ್ಲಿ ಇಟ್ಟುಕೊಳ್ಳುವುದು ನನಗೂ ಬೇಕಿತ್ತು. ಆದರೆ ಇನ್ನೊಬ್ಬರ ಕೂಸನ್ನು ನನಗೆ ಕೊಡು ಎಂದು ಬಾಯಿಬಿಟ್ಟು ಕೇಳುವುದು ನಮ್ಮಲ್ಲಿ ಇಲ್ಲ, ಅದರಲ್ಲೂ ನನ್ನಂಥವಳು. ಅವಳೇ ಬಾಯಿಬಿಟ್ಟು ಕೇಳಲಿ ಎಂದು ಕಾದೆ. ಹಿರಿಯಳಾದವಳನ್ನು ನೇರವಾಗಿ ಕೇಳಿ ಇಲ್ಲ ಎನ್ನಿಸುವುದು ಅವಳ ಕಡೆಯಲ್ಲಿ ಇಲ್ಲ. ನಾನಾಗಿ ಹೇಳಲಿ ಎಂದು ಅವಳು ಕಾದಳು. ಇದು ನನಗೆ ತಿಳಿದದ್ದು ಐದು ವರ್ಷದ ಮೇಲೆ.

ಒಂದು ವಾರ ಪಾತ್ರೆ ತೊಳೆಯುತ್ತಾ ಇಂಗ್ಲಿಷಿನಲ್ಲಿ ಒಂದು ಮಾತು ಕಟ್ಟಿಕೊಂಡೆ. ‘ಬೇಬಿ, ಮೈ ಹೌಸ್, ಡೇ ಟೈಮ್, ನೋ ಪ್ರಾಬ್ಲಮ್.’ ಹತ್ತು ಸಲ ಅಂದು ನೋಡಿದೆ. ಕೇಳಿದರೆ ಕಸಿದುಕೊಳ್ಳುವವಳ ಮಾತಿನ ಹಾಗೆ ಅನ್ನಿಸುತ್ತಿತ್ತು. ಎರಡು ಸಲ ಅಂಗಡಿಯಲ್ಲಿ ಬಾಯಿಯವರೆಗೆ ಬಂತು. ಒಂದು ಸಲ ಗಿರಾಕಿ ಬಂದಳು. ಇನ್ನೊಂದು ಸಲ ಯಾರೂ ಬರಲಿಲ್ಲ, ಆದರೂ ಆಡಲಿಲ್ಲ.

ನಾಲ್ಕು ತಿಂಗಳು ತುಂಬುವಾಗ ನಿಂಗ್‌ಳನ್ನು ಊರಿಗೆ, ಲಿನ್‌ಳ ತಾಯಿಯ ಹತ್ತಿರ ಕಳಿಸುವುದು ಎಂದು ಗೊತ್ತಾಯಿತು. ಅವರ ಬಳಗದಲ್ಲಿ ಇದು ಹೊಸದೇನಲ್ಲ. ದುಡಿಯುವವರು ಇಲ್ಲಿ, ಮಕ್ಕಳು ಅಜ್ಜಿಯರ ಹತ್ತಿರ ಅಲ್ಲಿ, ಶಾಲೆಯ ವಯಸ್ಸಿಗೆ ಮರಳಿ ಇಲ್ಲಿ. ಅಂಗಡಿಗೆ ಬರುವ ಹೆಂಗಸರಲ್ಲಿ ಮೂವರು ಹಾಗೆ ಕಳಿಸಿದ್ದರು. ಊರಿಗೆ ಹೊರಟಿದ್ದ ಅವರ ಊರಿನವಳೊಬ್ಬಳು ಮಗುವನ್ನು ಕರೆದೊಯ್ಯುವುದೆಂದಾಯಿತು.

ಹೊರಡುವ ದಿನ ಬೆಳಿಗ್ಗೆ ಚೆನ್ ಸೂಟ್‌ಕೇಸನ್ನು ಪಾರ್ಸೆಲ್ ಯಂತ್ರದ ಮೇಲಿಟ್ಟು ತೂಗಿದ. ಒಳಗೆ ಬಟ್ಟೆಯ ನಡುವೆ ಆರು ಡಬ್ಬಿ ಹಾಲಿನ ಪುಡಿ. ಅವನ್ನು ಕಟ್ಟಿದವಳು ನಾನು. ಲಿನ್ ವಿಮಾನ ನಿಲ್ದಾಣಕ್ಕೆ ಹೋಗಲಿಲ್ಲ. ಬಾಗಿಲಲ್ಲೇ ಮಗುವಿನ ಟೊಪ್ಪಿಗೆ ಸರಿಮಾಡಿ ಆ ಹೆಂಗಸಿನ ಕೈಗೆ ಕೊಟ್ಟಳು. ವ್ಯಾನ್ ತಿರುಗಿದ ಮೇಲೆ ಒಳಗೆ ಬಂದು ಒಂದು ಪೆಟ್ಟಿಗೆಗೆ ಟೇಪು ಹಚ್ಚಿದಳು. ಹಚ್ಚಿದ ಕಡೆಯೇ ಮತ್ತೊಮ್ಮೆ ಹಚ್ಚಿದಳು. ಸುರುಳಿ ಮುಗಿಯುವವರೆಗೂ ಅದೇ ಪೆಟ್ಟಿಗೆಗೆ ಹಚ್ಚಿದಳು. ನಾನು ಎರಡೂ ಕೈಯಿಂದ ಪೆಟ್ಟಿಗೆಯನ್ನು ಒತ್ತಿ ಹಿಡಿದಿದ್ದೆ. ಗೋಡೆಯ ಮೇಲಿನ ತೂಕದ ರಟ್ಟು ಮರುದಿನ ಇರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಕೆಲಸದ ರೀತಿ ಬಹಳ ಬದಲಾಯಿತು. ಮೊದಲು ಚೀಟಿಯನ್ನು ಕೈಯಿಂದ ಬರೆಯುತ್ತಿದ್ದರು, ಆಮೇಲೆ ಫೋನಿನಿಂದ ಬಂದು ಯಂತ್ರದಲ್ಲಿ ಅಚ್ಚಾಗತೊಡಗಿತು. ಚೀಟಿಯೂ ಪೆಟ್ಟಿಗೆಯೂ ಅದಲುಬದಲಾದರೆ ಯಂತ್ರವೇ ಕೂಗುತ್ತಿತ್ತು, ನನ್ನ ಅ ಆ ಇ ಈ ನಿಂತಿತು. ಪೆಟ್ಟಿಗೆ ಎಲ್ಲಿದೆ ಎಂದು ಚೀನಾದಲ್ಲಿ ಕುಳಿತವರು ಗಂಟೆಗಂಟೆಗೂ ನೋಡುತ್ತಿದ್ದರು. ತೆಗೆದುಕೊಳ್ಳುವವರ ಗುರುತಿನ ಚೀಟಿಯ ನಂಬರು ಬೇಕೆಂದು ಅಲ್ಲಿನ ಸರ್ಕಾರ ಕೇಳತೊಡಗಿತು. ದೊಡ್ಡ ದೊಡ್ಡ ಪಾರ್ಸೆಲ್ ಅಂಗಡಿಗಳು ಬಂದವು. ಹುಡುಗಿಯರು ನಮ್ಮ ಅಂಗಡಿಗೆ ಬರುವುದು ಕಡಿಮೆಯಾಯಿತು. ಇದನ್ನೆಲ್ಲ ಇನ್ನೂ ಬರೆಯಬಹುದು, ಆದರೆ ನನ್ನ ನೆನಪು ನಿಲ್ಲುವುದು ಪ್ರತಿ ತಿಂಗಳ ಒಂದು ಪೆಟ್ಟಿಗೆಯ ಮೇಲೆ.

ಅದು ನಿಂಗ್‌ಗೆ ಹೋಗುವ ಪೆಟ್ಟಿಗೆ. ಮೊದಮೊದಲು ಲಿನ್ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಒಂದು ತಿಂಗಳು ತಾನಾಗಿ ನನ್ನ ಮುಂದೆ ತಂದಿಟ್ಟಳು. ಹಾಲಿನ ಡಬ್ಬಿಯ ಮೇಲೆ ವಯಸ್ಸಿಗೆ ತಕ್ಕ ಹಾಗೆ ಒಂದು, ಎರಡು, ಮೂರು ಎಂದು ನಂಬರು ಇರುತ್ತದೆ. ಒಂದನೆಯ ನಂಬರು ಹೋಗಿ ಎರಡು ಬಂತು. ಎರಡು ಹೋಗಿ ಮೂರು. ಅಲ್ಲಿ ಮಗು ಕೂತಿತು, ನಿಂತಿತು, ನಡೆಯಿತು ಎಂದು ನಮಗೆ ಇಲ್ಲಿ ಡಬ್ಬಿಯ ನಂಬರಿನಿಂದ ತಿಳಿಯುತ್ತಿತ್ತು. ಅಜ್ಜಿ ಮಗುವಿನ ಪಾದವನ್ನು ಕಾಗದದ ಮೇಲಿಟ್ಟು ಗೆರೆ ಎಳೆದು ಫೋಟೋ ಕಳಿಸುತ್ತಿದ್ದಳು. ಆ ಗೆರೆಗಿಂತ ಎರಡು ಬೆರಳು ದೊಡ್ಡ ಬೂಟನ್ನು ಲಿನ್ ತರುತ್ತಿದ್ದಳು, ತಲುಪುವಷ್ಟರಲ್ಲಿ ಬೆಳೆದಿರುತ್ತಾಳೆ ಎಂದು. ನಾನು ಬೂಟಿನೊಳಗೆ ಕಾಗದ ತುಂಬಿ ಇಡುತ್ತಿದ್ದೆ. ಫೋನಿನಲ್ಲಿ ಲಿನ್ ಮಗಳನ್ನು ಕರೆದರೆ ಮಗು ಅಜ್ಜಿಯ ಹಿಂದೆ ಅಡಗುತ್ತಿತ್ತು. ಲಿನ್ ನಗುತ್ತಾ, ಸಂಕೋಚ, ನಿಮ್ಮ ಹಾಗೆ ಎನ್ನುತ್ತಿದ್ದಳು.

ಇನ್ನು ಕೆಲವೇ ದಿನಗಳಲ್ಲಿ ಐದು ವರ್ಷ ತುಂಬುತ್ತದೆ ಎನ್ನುವಾಗ ನಿಂಗ್ ಮರಳಿ ಬಂದಳು. ಚೆನ್ ಹೋಗಿ ಕರೆದುಕೊಂಡು ಬಂದ. ಅಂಗಡಿಗೆ ಬಂದ ಮೊದಲ ದಿನ ಅಜ್ಜಿಯ ಒಂದು ಹಳೆಯ ಸ್ವೆಟರನ್ನು ಎದೆಗೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ಲಿನ್ ಕೂತು ಕೈ ಚಾಚಿದಳು. ನಿಂಗ್ ಅವಳನ್ನು ನೋಡಿದಳು, ಕೌಂಟರನ್ನು ನೋಡಿದಳು, ಹೋಗಿ ಅಪ್ಪನ ಕಾಲು ಹಿಡಿದಳು. ಊಟ ಮಾಡಬೇಕಾದರೆ ಎದುರಿಗೆ ಫೋನಿನಲ್ಲಿ ಅಜ್ಜಿ ಇರಬೇಕು. ಅಲ್ಲಿ ಮಧ್ಯಾಹ್ನದ ನಿದ್ದೆಯ ಹೊತ್ತಾಗಿ ಅಜ್ಜಿ ಫೋನು ಇಟ್ಟರೆ ಇಲ್ಲಿ ಚಮಚವೂ ಕೆಳಗೆ. ಲಿನ್‌ಗೆ ಏನಾದರೂ ಹೇಳಬೇಕಿದ್ದರೆ ಅಪ್ಪನಿಗೆ ಹೇಳುತ್ತಿದ್ದಳು. ಅಮ್ಮ ಎಂದು ಕರೆಯುತ್ತಿರಲಿಲ್ಲ. ಏನಂತಲೂ ಕರೆಯುತ್ತಿರಲಿಲ್ಲ.

ಆ ಹೊತ್ತಿಗೆ ಅಂಗಡಿ ಮುಚ್ಚುವುದೆಂದು ತೀರ್ಮಾನವಾಗಿತ್ತು. ಕೊನೆಯ ವಾರ ನಾನೂ ಲಿನ್ನೂ ಉಳಿದ ಪೆಟ್ಟಿಗೆಗಳನ್ನು ಚಪ್ಪಟೆ ಮಾಡಿ ಕಟ್ಟುತ್ತಿದ್ದೆವು. ಮಧ್ಯಾಹ್ನ. ನಿಂಗ್ ಹೊರಗೆ ವ್ಯಾನಿನಲ್ಲಿ ಅಪ್ಪನ ಜೊತೆ ಇದ್ದಳು. ಲಿನ್ ತಲೆ ಎತ್ತದೆ ಕೇಳಿದಳು.

‘ಆಂಟಿ, ಆಗ ನಿಮಗೆ ನಿಂಗ್ ಯಾಕೆ ಬೇಡವಾದಳು?’

ಬೇಡವಾಗಿರಲಿಲ್ಲ ಎಂದೆ. ‘ತಿಂಗಳ ಹಬ್ಬದ ದಿನ ನೀವು ಕೈ ಹಿಂದೆ ಕಟ್ಟಿದಿರಿ, ಎಲ್ಲರೂ ನೋಡಿದರು’ ಎಂದಳು. ‘ಬೇಡದವರಿಗೆ ಹೇಗೆ ಕೊಡುವುದು ಎಂದು ಸುಮ್ಮನಾದೆ. ಆದರೂ ಬಿಸಿಲು ಬರುತ್ತದೆಯೇ, ಮಕ್ಕಳು ಯಾವಾಗ ಬರುತ್ತಾರೆ ಎಂದು ಕೇಳಿದೆ. ಟಿಕೆಟ್ ತೆಗೆದ ಮೇಲೂ ಹತ್ತು ದಿನ ಕಾದೆ.’ ಇದೆಲ್ಲವನ್ನೂ ಅವಳು ಹಗ್ಗ ಬಿಗಿಯುತ್ತಾ, ದೂರುವ ದನಿಯೇ ಇಲ್ಲದೆ ಹೇಳಿದಳು.

ಇರುವ ಇನ್ನೂರು ಮಾತಿನಲ್ಲಿ ನಾನು ಹೇಗೆ ಹೇಳಲಿ? ಆದರೂ ಹೇಳಿದೆ. ಗಂಡ ಸತ್ತವಳು. ಒಳ್ಳೆಯ ದಿನ. ಮೊದಲ ಕೈ ನನ್ನದಾದರೆ ಮಗುವಿಗೆ ಒಳ್ಳೆಯದಲ್ಲ. ನಮ್ಮ ಊರಿನಲ್ಲಿ ಹಾಗೆ. ಅದಕ್ಕೇ ಹಿಂದೆ ಸರಿದೆ. ಆಮೇಲೆ ನೀನು ಕೇಳಲಿ ಎಂದು ಕಾದೆ.

ಲಿನ್ ಹಗ್ಗ ಬಿಟ್ಟಳು. ನನ್ನ ಕೈಯನ್ನೇ ನೋಡಿದಳು.

‘ನನ್ನ ಅಪ್ಪ ನಾನು ಹತ್ತು ವರ್ಷದವಳಿದ್ದಾಗ ಕಡಲಿನಲ್ಲಿ ಹೋದ’ ಎಂದಳು. ‘ನನ್ನ ಅಮ್ಮನೂ ನಿಮ್ಮ ಹಾಗೇ, ಆಂಟಿ. ನಿಂಗ್ ಬೆಳೆದದ್ದು ಅವಳ ಕೈಯಲ್ಲೇ.’

ಉಳಿದ ಪೆಟ್ಟಿಗೆಗಳನ್ನು ಇಬ್ಬರೂ ಕಟ್ಟಿ ಮುಗಿಸಿದೆವು.

ಮನೆಗೆ ಬಂದು ನಿಮ್ಮ ಅಮ್ಮನನ್ನು ಕೇಳಿದೆ, ಆಗ ನಾನು ಆ ಕೂಸನ್ನು ತರುತ್ತೇನೆ ಎಂದಿದ್ದರೆ ಏನು ಹೇಳುತ್ತಿದ್ದಿ ಎಂದು. ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು. ‘ಏನ್ ಅಂತಿದ್ನಿ ಅವ್ವಾ? ಸುಹಾಸನ ತೊಟ್ಟಿಲ ಗ್ಯಾರೇಜಿನ್ಯಾಗ ಬಿದ್ದಿತ್ತು, ತಗದು ಒರಸ್ತಿದ್ನಿ.’ ಮತ್ತೆ ಲಟ್ಟಣಿಗೆ ಹಿಡಿದು, ‘ಇಲ್ಲಿ ನಿನ್ನ ಯಾರ್ ನೋಡ್ತಿದ್ರು ಬೇ, ಹಂಗ ಹಿಂದ ಸರಿಯಾಕ?’ ಎಂದಳು. ಅವಳ ದನಿ ಗಟ್ಟಿಯಾಗಿಯೇ ಇತ್ತು. ಹೌದು, ಯಾರೂ ನೋಡುತ್ತಿರಲಿಲ್ಲ. ಆ ಕೋಣೆಯಲ್ಲಿ ನನ್ನ ಊರಿನವರು ಎಂದರೆ ನಾನೊಬ್ಬಳೇ.

ಮೇಘನಾ, ಕೆಲಸಕ್ಕೆ ಹೋಗುವವಳಿಗೆ ನಾನು ಹೇಳಬಹುದಾದದ್ದು ಹೆಚ್ಚಿಲ್ಲ. ಡಬ್ಬಿಯನ್ನು ಹೆಬ್ಬೆರಳಿನಿಂದ ನೋಡು. ಜೊತೆಗೆ ಕೆಲಸ ಮಾಡುವವರು ಬಿಸಿಲಿನ ಬಗ್ಗೆ, ಶಾಲೆಯ ಬಗ್ಗೆ ಸುಮ್ಮನೆ ಕೇಳುತ್ತಿದ್ದಾರೆ ಎನ್ನಿಸಿದರೆ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ನಿನಗೇನು ಬೇಕು ಎಂದು ಕೇಳು. ಇಂಗ್ಲಿಷ್ ತಪ್ಪಿದರೂ ಕೇಳು. ನಿನಗೆ ಆ ತೊಂದರೆಯೂ ಇಲ್ಲ.

ನಿಂಗ್ ಈಗ ಸುಹಾಸ ಓದಿದ ಶಾಲೆಯಲ್ಲೇ ಇದ್ದಾಳೆ. ಶನಿವಾರ ನಮ್ಮ ಮನೆಗೆ ಬಂದಾಗ ನೀವಿಬ್ಬರೂ ಅವಳ ಜೊತೆ ಆಡುತ್ತೀರಿ, ನೋಡಿದ್ದೀರಿ. ನನ್ನ ತೊಡೆಯ ಮೇಲೆ ಕೂತು ಚಪಾತಿ ತಿನ್ನುತ್ತಾಳೆ. ಲಿನ್ ಕರೆಯಲು ಬಂದರೆ ಎದ್ದು ಬೂಟು ಹಾಕಿಕೊಳ್ಳುತ್ತಾಳೆ, ಕರೆದ ಕೂಡಲೇ ಹೋಗುತ್ತಾಳೆ, ಬೇರೆಯವರ ಮನೆಯ ಮಗು ಹೋಗುವ ಹಾಗೆ. ಲಿನ್ ಅವಳ ಹಿಂದೆ ಒಂದು ಹೆಜ್ಜೆ ಬಿಟ್ಟು ನಡೆಯುತ್ತಾಳೆ.

ಮುಂದೊಂದು ದಿನ ಆ ಹುಡುಗಿ ದೊಡ್ಡವಳಾಗಿ ತಾಯಿಯನ್ನು ಕೇಳಿಯೇ ಕೇಳುತ್ತಾಳೆ, ನನ್ನನ್ನು ಯಾಕೆ ಕಳಿಸಿದೆ ಎಂದು. ಅಂಗಡಿಯಲ್ಲಿ ಕೆಲಸ ಇತ್ತು ಎಂದು ಲಿನ್ ಹೇಳುತ್ತಾಳೆ. ನನ್ನ ಹೆಸರು ಎತ್ತುವುದಿಲ್ಲ, ಅವಳನ್ನು ನಾನು ಬಲ್ಲೆ. ಆಗ ನಾನು ಇರುವುದಿಲ್ಲ, ನೀವಿರುತ್ತೀರಿ. ಇದನ್ನು ಅವಳಿಗೆ ಇಂಗ್ಲಿಷಿನಲ್ಲಿ ಓದಿ ಹೇಳಿ. ಅವಳ ತಾಯಿ ಹತ್ತು ದಿನ ಕಾದಳು ಎಂಬುದನ್ನು ಎರಡು ಸಲ ಓದಿ. ಕೈ ಹಿಂದೆ ಕಟ್ಟಿಕೊಂಡವಳು ನಾನು ಎಂಬುದನ್ನು ಬಿಡದೆ ಓದಿ.

ಹದಿನಾಲ್ಕು ಹಾಳೆ ಆಗಿವೆ, ಹಾಳೆಯ ಮೂಲೆಯಲ್ಲಿ ನಂಬರು ಹಾಕಿದ್ದೇನೆ. ಗ್ಯಾರೇಜಿನ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಬೇಡಿ, ಅಲ್ಲಿ ತೇವ ಏರುತ್ತದೆ. ನಿಮ್ಮ ಪಾಸ್‌ಪೋರ್ಟುಗಳ ಜೊತೆಯಲ್ಲಿ ಇಡಿ. ಮನೆ ಬದಲಾಯಿಸುವಾಗ ಇದನ್ನು ಸಾಮಾನಿನ ಲಾರಿಗೆ ಕೊಡದೆ ಕೈಯಲ್ಲೇ ಹಿಡಿದುಕೊಂಡು ಹೋಗಿ.